ಆಲೆಮನೆಯವನ ಪಥ್ಯ

"ನಾನು ಎಂಡ ಮುಟ್ಟಿದೋನಲ್ಲ ಮೇಡಂ. ನಮ್ಮಪ್ಪನಾಣೆಗೂ ಇಲ್ಲ."

ಕುರ್ಚಿಯಲ್ಲಿ ಕೂರುವುದಕ್ಕೂ ಮೊದಲೇ ಆತ ಹೇಳಿದ ಮಾತು ಇದು. ನಾನಿನ್ನೂ ಏನನ್ನೂ ಕೇಳಿರಲಿಲ್ಲ. ಮಂಡ್ಯದ ಆಸ್ಪತ್ರೆಯೊಂದರಲ್ಲಿ ರೋಗಿಗಳಿಗೆ ಪಥ್ಯ ಹೇಳುವ ಕೆಲಸ ನನ್ನದು. ಬಾಗಿಲ ಮೇಲಿನ ಫಲಕದಲ್ಲಿ ಆಹಾರ ತಜ್ಞೆ ಎಂದಿದೆ, ಜನ ಡಯಟ್ ಮೇಡಂ ಅನ್ನುತ್ತಾರೆ. ಲಿವರಿನಲ್ಲಿ ಕೊಬ್ಬು ಸೇರಿದೆ ಎಂದು ಬರುವ ಗಂಡಸರು ಮೊದಲು ಮಾಡುವುದೇ ಆಣೆ. ಅರ್ಧಕ್ಕರ್ಧ ಜನರದ್ದು ಸುಳ್ಳಾಣೆ. ಈತನದು ನಿಜ ಅಂತ ಅವತ್ತೇ ಗೊತ್ತಾಯಿತು, ಯಾಕೆಂದರೆ ಮದ್ದೂರು–ಮಳವಳ್ಳಿ ರಸ್ತೆಯ ಪಕ್ಕದ ಹಳ್ಳಿಯಲ್ಲಿ ಆತನದು ಆಲೆಮನೆ. ಕಬ್ಬು ಅರೆದು ಬೆಲ್ಲ ಕಾಯಿಸುವವನಿಗೆ ಲಿವರ್ ಕೆಡಿಸಿಕೊಳ್ಳಲು ಹೆಂಡವೇ ಬೇಕಿಲ್ಲ.

"ದಿನಕ್ಕೆ ಎಷ್ಟು ಸಲ ಬೆಲ್ಲ ಬಾಯಿಗೆ ಹಾಕ್ತೀರಿ ಗೌಡ್ರೇ?"

"ತಿನ್ನಕ್ಕಲ್ಲ ಮೇಡಂ, ಪಾಕ ನೋಡಕ್ಕೆ. ಕೊಪ್ಪರಿಗೆ ಇಳಿಸ್ದಾಗ್ಲೆಲ್ಲ ವಸಿ ನಾಲ್ಗೆಗೆ ಆಕಬೇಕು. ಇಲ್ದಿದ್ರೆ ಉಪ್ಪಾಗದೋ ಉಳಿಯಾಗದೋ ಎಂಗೆ ತಿಳೀತದೆ?"

ಆ 'ವಸಿ' ಎಷ್ಟು ಅಂದರೆ ಹೆಬ್ಬೆರಳ ಗಾತ್ರದ ಮುದ್ದೆ. ಅದರ ಜೊತೆಗೆ ಬೆಳಿಗ್ಗೆ ಗಾಣ ಶುರುವಾದಾಗ ಒಂದು ಚೊಂಬು ಕಬ್ಬಿನ ಹಾಲು, ಸಂಜೆ ದಣಿವಾರಿಸಿಕೊಳ್ಳಲು ಇನ್ನೊಂದು. ಮಧ್ಯಾಹ್ನ ಎರಡು ಮುದ್ದೆ, ಮೇಲೆ ಅನ್ನ. ಹೊಟ್ಟೆ ಮಾತ್ರ ಮುಂದಕ್ಕೆ ಬಂದಿತ್ತು, ಕೈಕಾಲೆಲ್ಲ ಗಟ್ಟಿಮುಟ್ಟು. ನಲವತ್ತು ದಾಟಿದ ಇಂಥವರು ನನ್ನ ಹತ್ತಿರ ವಾರಕ್ಕೆ ಹತ್ತಾರು ಜನ ಬರುತ್ತಾರೆ. ಆರು ತಿಂಗಳಿಗೊಮ್ಮೆ ಬನ್ನಿ, ನಿಧಾನಕ್ಕೆ ಕರಗಿಸೋಣ ಎಂದು ಕಳಿಸುತ್ತೇನೆ.

ಈತನಿಗೆ ಹಾಗೆ ಹೇಳುವ ಹಾಗಿರಲಿಲ್ಲ. ಈತನ ಲಿವರ್ ಈತನಿಗೆ ಬೇಕಾಗಿರಲಿಲ್ಲ. ಮಳವಳ್ಳಿಯಲ್ಲಿರುವ ತಂಗಿಗೆ ಬೇಕಾಗಿತ್ತು.

ತಂಗಿಗೆ ಇದ್ದದ್ದು ದೇಹ ತನ್ನ ಲಿವರನ್ನೇ ಹಗೆಯೆಂದು ತಿಳಿದು ತಿನ್ನುವ ಕಾಯಿಲೆ. ಕುಡಿತವಿಲ್ಲ, ಕೆಟ್ಟ ಚಾಳಿಯಿಲ್ಲ, ಏನೂ ಇಲ್ಲ, ಬಂತು ಅಷ್ಟೆ. ಮಾತ್ರೆಗಳ ಕಾಲ ಮುಗಿದಿತ್ತು. ಯಾರಾದರೂ ಹತ್ತಿರದ ಸಂಬಂಧಿಕರು ತಮ್ಮ ಲಿವರಿನ ಒಂದು ಭಾಗ ಕೊಡಬೇಕು, ಕೊಟ್ಟವರಿಗೆ ಅದು ಮತ್ತೆ ಬೆಳೆಯುತ್ತದೆ ಎಂದು ಬೆಂಗಳೂರಿನ ಡಾಕ್ಟರು ಹೇಳಿದ್ದರು. ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಕೆಲಸ ಮಾಡುವ ಆಕೆಯ ಗಂಡನ ರಕ್ತದ ಗುಂಪು ಹೊಂದಲಿಲ್ಲ. ಹೊಂದಿದ್ದು ಅಣ್ಣನದು ಮಾತ್ರ. ಸ್ಕ್ಯಾನ್ ಮಾಡಿದರೆ ಅಣ್ಣನ ಲಿವರಿನ ತುಂಬ ಕೊಬ್ಬು. ಅಂಥ ಲಿವರನ್ನು ಕತ್ತರಿಸಿದರೆ ಕೊಟ್ಟವನಿಗೂ ಅಪಾಯ, ತಗೊಂಡವಳಿಗೂ ಅಪಾಯ. "ಕೊಬ್ಬು ಕರಗಿಸಿಕೊಂಡು ಬನ್ನಿ. ಆದರೆ ಬೇಗ ಬನ್ನಿ" ಎಂದು ಕಳಿಸಿದ್ದರು. ಸತ್ತವರ ಅಂಗ ಸಿಗುವ ಸಾಲಿನಲ್ಲೂ ಆಕೆಯ ಹೆಸರಿತ್ತು. ಆ ಸಾಲು ಎಷ್ಟು ಉದ್ದ ಎಂದು ಯಾರೂ ಹೇಳುತ್ತಿರಲಿಲ್ಲ.

ಅಂದರೆ ಮದ್ದು ನನ್ನ ಕೈಯಲ್ಲಿತ್ತು. ಮಾತ್ರೆಯಲ್ಲ, ಇಂಜೆಕ್ಷನ್ ಅಲ್ಲ. ಮುದ್ದೆಯ ಗಾತ್ರ, ಸಾರಿನ ಎಣ್ಣೆ, ನಡಿಗೆ. ಹೆದರಿಕೆಯಾಯಿತು ಅಂತ ಹೇಳಲು ನನಗೆ ನಾಚಿಕೆಯಿಲ್ಲ.

ಪಥ್ಯ ಬರೆದೆ. ಬೆಲ್ಲ, ಸಕ್ಕರೆ, ಕಬ್ಬಿನ ಹಾಲು, ಹಣ್ಣಿನ ರಸ ಪೂರಾ ಬಂದ್. ಪಾಕದ ರುಚಿ ನೋಡಲೇಬೇಕಿದ್ದರೆ ನಾಲಿಗೆಗೆ ಮುಟ್ಟಿಸಿ ಉಗಿದು ಬಾಯಿ ಮುಕ್ಕಳಿಸಬೇಕು. ಮಧ್ಯಾಹ್ನಕ್ಕೆ ಕಿತ್ತಳೆ ಹಣ್ಣಿನಷ್ಟು ಒಂದೇ ಮುದ್ದೆ, ತಟ್ಟೆಯ ಅರ್ಧ ಭಾಗ ಸೊಪ್ಪು, ಕಾಯಿ ರುಬ್ಬದ ಉಪ್ಸಾರು, ಬೇಯಿಸಿದ ಹುರುಳಿಕಾಳು. ರಾತ್ರಿ ಅನ್ನವಿಲ್ಲ, ಮೊಟ್ಟೆಯ ಬಿಳಿ ಮತ್ತು ಸೌತೆಕಾಯಿ. ಬೆಳಿಗ್ಗೆ ಊರಿಂದ ಮುಖ್ಯರಸ್ತೆಯವರೆಗೆ ಹೋಗಿ ಬರಬೇಕು, ಪಕ್ಕದವರ ಜೊತೆ ಮಾತಾಡಲು ಉಸಿರು ಸಾಲದಷ್ಟು ಬಿರುಸಾಗಿ.

ಆತನ ಹೆಂಡತಿ ಪಕ್ಕದಲ್ಲಿ ನಿಂತು ಕೇಳಿಸಿಕೊಂಡರು. "ಒಂದು ಮುದ್ದೆಗೆ ಇವ್ರು ಕಬ್ಬು ಎಂಗೆ ಓರ್ತಾರೆ ಮೇಡಂ?" ಎಂದರು.

"ಸ್ವಲ್ಪ ದಿನ ಕಬ್ಬು ಬೇರೆಯವರು ಹೊರಲಿ."

ಗೌಡರು ಹೆಂಡತಿಯ ಕಡೆ ತಿರುಗಿ, "ಸುಮ್ಕಿರು. ಇವ್ರು ಮಣ್ಣು ತಿನ್ನು ಅಂದ್ರೂ ತಿಂತೀನಿ" ಎಂದರು.

ದೀಪಾವಳಿ ಕಳೆದಿತ್ತು, ಕಬ್ಬು ಕಡಿಯುವ ಕಾಲ ಜೋರಾಗಿತ್ತು. ಊರಿಗೆ ಊರೇ ಸಲಹೆ ಕೊಡಲು ನಿಂತಿತು. ಲಿವರ್ ಅಂದ ಕೂಡಲೇ ಎಲ್ಲರೂ ವೈದ್ಯರೇ. ಒಬ್ಬರು ಬಂಡೂರಿನಿಂದ ಲಿವರ್ ತೊಳೆಯುವ ಪುಡಿ ತಂದುಕೊಟ್ಟರು. ಇನ್ನೊಬ್ಬರು ಮೊಬೈಲಿನಲ್ಲಿ ನೋಡಿ, ಬರಿಹೊಟ್ಟೆಗೆ ನಿಂಬೆರಸ ಮತ್ತು ಎಣ್ಣೆ ಕುಡಿದರೆ ಕೊಬ್ಬು ಕಲ್ಲಾಗಿ ಹೊರಬರುತ್ತದೆ ಎಂದರು. ಗೌಡರು ಪ್ರತಿಯೊಂದನ್ನೂ ಫೋನಿನಲ್ಲಿ ನನಗೆ ಒಪ್ಪಿಸುತ್ತಿದ್ದರು. ಪುಡಿಯ ಪೊಟ್ಟಣವನ್ನು ಆಸ್ಪತ್ರೆಗೇ ತರಿಸಿಕೊಂಡು ಕಸದ ಡಬ್ಬಿಗೆ ಹಾಕಿದೆ. ಊರ ಮದ್ದಿನ ಮೇಲೆ ನನಗೆ ಹಗೆಯಿಲ್ಲ. ಹೊಳಲಿನ ನಮ್ಮ ಮನೆಯಲ್ಲೂ ಅಜ್ಜಿ ಕಷಾಯ ಕುದಿಸಿಯೇ ನಮ್ಮನ್ನು ಬೆಳೆಸಿದ್ದು. ಆದರೆ ಏನಿದೆಯೆಂದು ಗೊತ್ತಿಲ್ಲದ ಪುಡಿಯನ್ನು ನಾಳೆ ಇನ್ನೊಬ್ಬರಿಗೆ ಕೊಡಬೇಕಾದ ಲಿವರಿನ ಮೇಲೆ ಸುರಿಯಲು ನಾನು ಬಿಡುವವಳಲ್ಲ.

ತೂಕ ಇಳಿಯತೊಡಗಿತು. ಪಂಚೆ ಜಾರುತ್ತದೆಂದು ಗೌಡರು ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ಬಂದರು. ಕೆನ್ನೆ ಇಳಿಯಿತು. ಖುಷಿಯಿಂದ ಸ್ಕ್ಯಾನಿಗೆ ಕಳಿಸಿದೆ. ಪಕ್ಕೆಲುಬಿನ ಮೇಲೆ ಒತ್ತಿ ಟಕ್ ಟಕ್ ಎಂದು ಬಡಿದು ಕೊಬ್ಬನ್ನು ಅಳೆಯುವ ಯಂತ್ರ ಅದು. ನೋವಿಲ್ಲ, ಸೂಜಿಯಿಲ್ಲ. ತಂತ್ರಜ್ಞ ಚೀಟಿ ತಂದು ನನ್ನ ಮೇಜಿನ ಮೇಲಿಟ್ಟು ಹೋದ. ಕೊಬ್ಬು ಇಳಿದಿತ್ತು, ಆದರೆ ಇಳಿಯಬೇಕಾದ ಕಾಲು ಭಾಗದಷ್ಟೂ ಇಳಿದಿರಲಿಲ್ಲ. ರಕ್ತದ ವರದಿಯಲ್ಲೂ ಕೊಬ್ಬಿನಂಶ ಹಾಗೇ ಏರಿ ಕೂತಿತ್ತು.

ಇಷ್ಟು ತೂಕ ಇಳಿಸಿದವನ ರಕ್ತ ಹೀಗಿರುವುದಿಲ್ಲ. ಎಲ್ಲೋ ಸಿಹಿ ಒಳಗೆ ಹೋಗುತ್ತಿದೆ.

"ಗೌಡ್ರೇ, ನಿಜ ಹೇಳಿ. ಏನು ತಿಂತಿದ್ದೀರಿ?"

"ನೀವ್ ಬರ್ದಿದ್ದೇ ಮೇಡಂ."

"ಬೆಲ್ಲ?"

"ಉಗೀತೀನಿ. ಕೇಳಿ ಬೇಕಾರೆ ಆಳುಗಳ್ನ."

ಅವರ ಹೆಂಡತಿಯನ್ನು ಬೇರೆಯಾಗಿ ಕೂರಿಸಿ ಕೇಳಿದೆ. ಆಕೆ ಅಳುತ್ತಾ, ಮುದ್ದೆ ಸಾಲದೆ ಗಂಡ ನಿದ್ದೆಯಲ್ಲಿ ಹೊಟ್ಟೆ ಹಿಡಿದುಕೊಳ್ಳುತ್ತಾನೆ, ಆದರೂ ಒಂದು ಅಗುಳು ಜಾಸ್ತಿ ಮುಟ್ಟುವುದಿಲ್ಲ ಎಂದರು. ಗಂಡ ಹೆಂಡತಿ ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ ಅನ್ನಿಸಿತು. ಹಾಗಿದ್ದರೆ ತಪ್ಪು ನನ್ನ ಲೆಕ್ಕದಲ್ಲಿದೆ. ಪಥ್ಯವನ್ನು ಇನ್ನೂ ಬಿಗಿ ಮಾಡಿದೆ, ಮುದ್ದೆಯನ್ನು ಅರ್ಧಕ್ಕಿಳಿಸಿದೆ. ಆದರೂ ರಕ್ತದ ಅಂಕಿ ಜಗ್ಗಲಿಲ್ಲ, ನನಗೆ ಮತ್ತೆ ಅನುಮಾನ ಹತ್ತಿತು. ಅಷ್ಟರಲ್ಲಿ ತಂಗಿಯ ಹೊಟ್ಟೆಯಲ್ಲಿ ನೀರು ತುಂಬಿ, ಮಂಡ್ಯಕ್ಕೆ ತಂದು ತೆಗೆಸಿಕೊಂಡು ಹೋದರು. ನಾನು ಆಕೆಯನ್ನು ಮೊದಲು ನೋಡಿದ್ದು ಆಗಲೇ. ಮೂವತ್ತೈದರ ಹೆಂಗಸು, ಕಣ್ಣು ಅರಿಶಿನದಲ್ಲಿ ಅದ್ದಿ ತೆಗೆದ ಹಾಗಿತ್ತು. "ನಮ್ಮಣ್ಣನ್ನ ಬಯ್ಬೇಡಿ ಮೇಡಂ, ಪಾಪ, ಒಣ್ಗೋಗವ್ನೆ" ಎಂದು ನನ್ನ ಕೈ ಹಿಡಿದುಕೊಂಡಳು. ಕೈ ತಣ್ಣಗಿತ್ತು. ನನಗೆ ಅವಳ ಮುಖ ನೋಡಲು ಆಗಲಿಲ್ಲ.

ಸಂಕ್ರಾಂತಿಯ ಮಾರನೆಯ ದಿನ ನಾನು ಹೇಳದೆ ಕೇಳದೆ ಆಲೆಮನೆಗೆ ಹೋದೆ. ಇದು ನನ್ನ ಕೆಲಸವಲ್ಲ. ರೋಗಿಯ ಮನೆಗೆ ಹೋಗಿ ಪತ್ತೇದಾರಿಕೆ ಮಾಡು ಎಂದು ನನಗೆ ಯಾರೂ ಸಂಬಳ ಕೊಡುವುದಿಲ್ಲ. ಸಿಟ್ಟು ತಡೆಯದೆ ಹೋದೆ. ಬೆಳಗಿನ ಮಂಜು ಇನ್ನೂ ಗದ್ದೆಯ ಮೇಲಿತ್ತು. ಗಾಣ ಓಡುತ್ತಿತ್ತು, ಒಣಸಿಪ್ಪೆಯ ಬೆಂಕಿಗೆ ಕೊಪ್ಪರಿಗೆ ಕೊತಗುಟ್ಟುತ್ತಿತ್ತು. ಗೌಡರು ನನ್ನನ್ನು ನೋಡಲಿಲ್ಲ. ನಾನು ಗೋಡೆಯ ಪಕ್ಕ ನಿಂತು ನೋಡಿದೆ. ಪಾಕವನ್ನು ತಣ್ಣೀರಿನ ಬಟ್ಟಲಿಗೆ ಬಿಟ್ಟು ಬೆರಳಲ್ಲಿ ಉರುಟಿದರು, ನಾಲಿಗೆಗೆ ಮುಟ್ಟಿಸಿದರು, ಉಗಿದರು, ಚೊಂಬೆತ್ತಿ ಬಾಯಿ ಮುಕ್ಕಳಿಸಿದರು. ಬೆಲ್ಲದ ಆವಿಯಲ್ಲಿ ನಿಂತು, ಅರೆಹೊಟ್ಟೆಯಲ್ಲಿ, ಯಾರೂ ನೋಡದಿದ್ದಾಗಲೂ ಹಾಗೆ ಮಾಡುವ ಮನುಷ್ಯನನ್ನು ಅನುಮಾನಿಸಿದೆನಲ್ಲ ಎಂದು ನನಗೇ ಕಸಿವಿಸಿಯಾಯಿತು.

ಆಮೇಲೆ ಅವರು ಗಾಣದ ಬಾಯಿಗೆ ಸ್ಟೀಲ್ ಕ್ಯಾನು ಹಿಡಿದು ಕಬ್ಬಿನ ಹಾಲು ತುಂಬಿಸಿ ಮುಚ್ಚಳ ಬಿಗಿದು, ಬೈಕಿನ ಹ್ಯಾಂಡಲಿಗೆ ತೂಗುಹಾಕಿದರು.

"ಯಾರಿಗೆ ಗೌಡ್ರೇ ಇದು?"

ಬೆಚ್ಚಿಬಿದ್ದರು. "ತಂಗಿಗೆ ಮೇಡಂ. ಮಳವಳ್ಳಿಗೆ."

"ಆಕೆ ಕುಡಿಯೋ ನೀರಿಗೇ ಅಳತೆ ಇದೆ. ಕಬ್ಬಿನ ಹಾಲು ಕೊಡ್ತಿದ್ದೀರಾ?"

"ಅವ್ಳು ಕುಡಿಯಲ್ಲ."

"ಮತ್ತೆ?"

ಗೌಡರು ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡರು. ತುಂಬ ಹೊತ್ತು ಒರೆಸಿಕೊಂಡರು. ಆಮೇಲೆ ಬಾಯಿಬಿಟ್ಟರು.

ನಮ್ಮ ಕಡೆ ಕಾಮಾಲೆಗೆ ನೆಲನೆಲ್ಲಿ ಮದ್ದು, ಲಿವರಿನ ಕಾವಿಗೆ ಕಬ್ಬಿನ ಹಾಲು ತಂಪು. ಈ ಎರಡು ಮಾತು ಮಂಡ್ಯ ಸೀಮೆಯಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತು. ತಂಗಿಗೆ ಡಾಕ್ಟರು ಎರಡನ್ನೂ ಬೇಡ ಎಂದಿದ್ದರು. ಹಾಗಾಗಿ ಅವಳು ಅದನ್ನು ಅಣ್ಣನಿಗೆ ಮಾಡಿಕೊಡುತ್ತಿದ್ದಳು. ದಿನಾ ಬೆಳಿಗ್ಗೆ ಹಿತ್ತಲಲ್ಲಿ ಕೂತು ನೆಲನೆಲ್ಲಿ ಆಯ್ದು, ತೊಳೆದು, ತಾನೇ ಅರೆದು, ಅಣ್ಣ ತಂದ ಹಾಲಿಗೆ ಬೆರೆಸಿ, ದೊಡ್ಡ ಲೋಟದ ತುಂಬ ಎರಡು ಸಲ.

"ನಿಂದೇ ಅಲ್ವಾ ನಂಗೆ ಬರಾದು, ನಿಂದು ತಂಪಾದ್ರೆ ನಂದು ತಂಪಾದಂಗೇ ಅಂತಾಳೆ ಕಣಮ್ಮ. ಕುಡಿಯೋಗಂಟ ಎದುರ್ಗೇ ಕುಂತಿರ್ತಾಳೆ."

"ನಾನು ಕೇಳಿದಾಗ ಯಾಕೆ ಹೇಳಲಿಲ್ಲ?"

"ಅದು ಔಸ್ದಿ ಅಲ್ವಾ. ನೀವು ಊಟ ತಿಂಡಿ ಕೇಳಿದ್ರಿ." ಆಮೇಲೆ ನೆಲ ನೋಡುತ್ತಾ ಹೇಳಿದರು: "ಸಿಹಿ ಅಂತ ನಂಗೂ ಗೊತ್ತು. ಬೆಲ್ಲ ಕಾಸೋನ್ಗೆ ಗೊತ್ತಾಗಲ್ವಾ? ಆದ್ರೆ ಅವಳ ಕೈಲಿ ಇನ್ನೇನೂ ಕೆಲ್ಸ ಆಯ್ತಿಲ್ಲ. ಕಸ ಗುಡ್ಸಕ್ಕಾಗಲ್ಲ, ಮುದ್ದೆ ತಿರುವಕ್ಕಾಗಲ್ಲ. ಇದೊಂದ್ ಮಾಡ್ತಾಳೆ. ಬ್ಯಾಡ ಅಂತ ಎಂಗಮ್ಮ ಅನ್ಲಿ?"

ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಎಲ್ಲ ಬಿಗಿ ಪಥ್ಯವನ್ನೂ ಆ ಲೋಟ ದಿನಾ ಬೆಳಿಗ್ಗೆ ತೊಳೆದುಹಾಕುತ್ತಿತ್ತು. ಹೆಚ್ಚಾದ ಸಕ್ಕರೆಯನ್ನು ಲಿವರ್ ಕೊಬ್ಬು ಮಾಡಿಯೇ ಇಟ್ಟುಕೊಳ್ಳುವುದು. ಇದನ್ನು ಮೊದಲ ದಿನವೇ ಆತನಿಗೆ ವಿವರಿಸಿದ್ದೆ, ಆತನಿಗೆ ಅರ್ಥವೂ ಆಗಿತ್ತು.

"ನಾಳೆಯಿಂದ ಕುಡೀಬೇಡಿ. ಕುಡಿದ ಹಾಗೆ ಮಾಡಿ ಚೆಲ್ಲಿ."

"ಎದುರ್ಗೇ ಕುಂತಿರ್ತಾಳೆ ಅಂದ್ನಲ್ಲ."

"ಮಳವಳ್ಳಿಗೆ ಹೋಗಲೇಬೇಡಿ."

"ನಾನು ಓಗ್ಲಿಲ್ಲ ಅಂದ್ರೆ, ಅಣ್ಣ ಎದ್ರುಕೊಂಡು ಇಂದಕ್ಕೆ ಸರ್ದ ಅನ್ಕತಾಳೆ. ಅಂಗನ್ಕಂಡು ಸಾಯ್ಬೇಕಾ ಅವ್ಳು?"

"ಹಾಗಿದ್ರೆ ನಾನೇ ಬಂದು ಅವಳಿಗೆ ಹೇಳ್ತೀನಿ."

"ಬ್ಯಾಡ ಕಣವ್ವ. ನಿಮ್ಮ ಕಾಲ್ಗೆ ಬೀಳ್ತೀನಿ. ಏಳ್ಬ್ಯಾಡಿ."

ನಿಜವಾಗಿಯೂ ಬಗ್ಗಿದರು. ಆಳುಗಳು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಕೊಪ್ಪರಿಗೆಯಿಂದ ಸೀದ ವಾಸನೆ ಬಂತು, ಯಾರೋ ಓಡಿಹೋಗಿ ಇಳಿಸಿದರು. ಆ ಪಾಕ ಹೋಯಿತು.

ನಾನು ಅವರ ಬೈಕಿನ ಹಿಂದೆಯೇ ನನ್ನ ಸ್ಕೂಟರಿನಲ್ಲಿ ಮಳವಳ್ಳಿಗೆ ಹೋದೆ. ದಾರಿಯುದ್ದಕ್ಕೂ ಹ್ಯಾಂಡಲಿನಲ್ಲಿ ಆ ಕ್ಯಾನು ತೂಗಾಡುತ್ತಿತ್ತು. ಹೇಳಬೇಕೋ ಬೇಡವೋ ಎಂದು ಊರು ಮುಟ್ಟುವವರೆಗೂ ಒಳಗೇ ಹೊಡೆದಾಡಿದೆ. ಹೇಳದಿದ್ದರೆ ಲಿವರ್ ಸರಿಯಾಗುವುದಿಲ್ಲ. ಹೇಳಿದರೆ ಅವಳಿಗೆ ಏನಾಗುತ್ತದೋ ನನಗೆ ಗೊತ್ತಿರಲಿಲ್ಲ. ಬದುಕಿದ್ದರೆ ತಾನೇ ಬೇಜಾರು ಕಳೆಯುವುದು, ಮೊದಲು ಬದುಕಲಿ ಅಂದುಕೊಂಡೆ.

ಅವಳು ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಳು. ಮಡಿಲಲ್ಲಿ ನೆಲನೆಲ್ಲಿ ಗಿಡಗಳು, ಎದುರಿಗೆ ಚಿಕ್ಕ ಒರಳು. ನನ್ನನ್ನು ನೋಡಿ ಏಳಲು ಹೋಗಿ ಆಗದೆ ನಕ್ಕಳು. ನಾನು ಪಕ್ಕದಲ್ಲಿ ಕೂತು, ಆದಷ್ಟು ಮೆತ್ತಗೆ, ಆದರೆ ಪೂರ್ತಿ ಹೇಳಿದೆ. ಮೆತ್ತಗೆ ಹೇಳುವುದು ನನಗೆ ಬರುವುದಿಲ್ಲ. ಅವತ್ತು ಪ್ರಯತ್ನಪಟ್ಟೆ.

ಅವಳು ಮಡಿಲಿನ ಸೊಪ್ಪನ್ನು ನೋಡುತ್ತಲೇ ಕೇಳಿಸಿಕೊಂಡಳು. ಆಮೇಲೆ ಅಣ್ಣನ ಕಡೆ ತಿರುಗಿದಳು.

"ಒಂದಿನಾನಾರ ಏಳ್ಬಾರ್ದಿತ್ತೇನಣ್ಣ?"

ಗೌಡರು ಬಾಗಿಲಿಗೆ ಒರಗಿ ನಿಂತಿದ್ದರು.

"ಎಷ್ಟು ದಿನ ಆಳಾಯ್ತು ಮೇಡಂ, ನನ್ನಿಂದ?"

"ಏನೂ ಹಾಳಾಗಿಲ್ಲ. ಇನ್ನೂ ಟೈಮಿದೆ" ಎಂದೆ. ಟೈಮಿದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ಅವಳು ಸೊಪ್ಪನ್ನು ಒಂದೊಂದೇ ಎತ್ತಿ ಕೆಳಗಿಟ್ಟಳು. "ಬಂದೋನ್ಗೆ ಏನ್ ಕೊಡ್ಲಿ ಇನ್ಮೇಲೆ? ತಂಗಿ ಮನೆಗೆ ಬಂದು ಬರೀ ಬಾಯಲ್ಲಿ ಓಗ್ತಾನಾ?"

"ಸಕ್ಕರೆ, ಹಾಲು ಹಾಕದೆ ಕಾಫಿ ಕೊಡಿ. ಅದು ಲಿವರಿಗೆ ಒಳ್ಳೇದು."

"ಅದ್ನ ನನ್ ಕೈಲಿ ಮಾಡ್ಬೌದಾ?"

"ನೀವೇ ಮಾಡಿ" ಎಂದೆ. ಅಷ್ಟಾದರೂ ಕೊಡಲು ನನ್ನ ಹತ್ತಿರ ಇತ್ತಲ್ಲ ಎಂದು ಸಮಾಧಾನವಾಯಿತು.

ಆಮೇಲಿನದು ಪುಸ್ತಕದಲ್ಲಿ ಬರೆದ ಹಾಗೆ ನಡೆಯಿತು. ಕಬ್ಬಿನ ಹಾಲು ನಿಂತಿತು. ಗೌಡರು ಬೆಳಿಗ್ಗೆ ನಡೆದು, ಮಳವಳ್ಳಿಗೆ ಹೋಗಿ ಕಹಿ ಕಾಫಿ ಕುಡಿದು ಬರುತ್ತಿದ್ದರು. "ಬೇವಿನ ಕಷಾಯನೇ ವಾಸಿ" ಎಂದು ಫೋನಿನಲ್ಲಿ ಬೈದರು. ಮುದ್ದೆಯನ್ನು ಮತ್ತೆ ಕಿತ್ತಳೆ ಗಾತ್ರಕ್ಕೆ ತಂದೆ. ಎರಡು ವಾರ ಕಳೆದು ರಕ್ತ ಪರೀಕ್ಷೆ ಮಾಡಿಸಿದರೆ ಅಂಕಿ ದಡದಡನೆ ಇಳಿದಿತ್ತು. ಇನ್ನೊಂದಷ್ಟು ದಿನ ಬಿಟ್ಟು ಮಾಡಿದ ಸ್ಕ್ಯಾನಿನಲ್ಲಿ ಕೊಬ್ಬು, ದಾನಕ್ಕೆ ಇಷ್ಟಿದ್ದರೆ ಸಾಕು ಎಂದು ಬೆಂಗಳೂರಿನವರು ಹಾಕಿದ್ದ ಗೆರೆಯ ಹತ್ತಿರ ಬಂದಿತ್ತು. ಬೆಂಗಳೂರಿನಿಂದ ಫೋನ್ ಬಂತು: ಮುಂದಿನ ವಾರ ಕರೆದುಕೊಂಡು ಬನ್ನಿ, ನಮ್ಮಲ್ಲಿ ಕೊನೆಯ ಸ್ಕ್ಯಾನ್ ಮಾಡಿ ದಿನ ಗೊತ್ತು ಮಾಡುತ್ತೇವೆ. ಆ ದಿನ ನಾನು ಕ್ಯಾಂಟೀನಿನಲ್ಲಿ ಎರಡು ಮದ್ದೂರು ವಡೆ ತಿಂದೆ, ಯಾರಿಗೂ ಹೇಳದೆ.

ಆ ವಾರ ಪೂರ್ತಿಯಾಗಲಿಲ್ಲ. ತಂಗಿಯ ಹೊಟ್ಟೆಯ ನೀರಿಗೆ ಸೋಂಕು ತಗುಲಿತು. ಜ್ವರ ಬಂತು, ಮಾತು ತೊದಲಿತು. ಲಿವರ್ ಕೈಬಿಟ್ಟಾಗ ವಿಷ ತಲೆಗೇರಿ ಬುದ್ಧಿ ಕದಡುತ್ತದೆ. ಬೆಂಗಳೂರಿಗೆ ಸಾಗಿಸಿದರು. ಸೋಂಕು ಇಳಿಯದೆ ಕತ್ತರಿಸುವ ಹಾಗಿಲ್ಲ ಎಂದರು. ಅದೇ ಆಸ್ಪತ್ರೆಯ ಕೆಳಗಿನ ಮಹಡಿಯಲ್ಲಿ ಅಣ್ಣನ ಕೊನೆಯ ಸ್ಕ್ಯಾನ್ ನಡೆಯಿತು. ಮೇಲಿನ ಮಹಡಿಯಲ್ಲಿ ಸೋಂಕು ಇಳಿಯಲಿಲ್ಲ. ಶಿವರಾತ್ರಿಗೆ ಮೊದಲೇ ಅವಳು ಹೋದಳು.

ಸುದ್ದಿ ಬಂದಾಗ ನಾನು ಯಾರಿಗೋ ಸಕ್ಕರೆ ಕಾಯಿಲೆಯ ಪಥ್ಯ ಹೇಳುತ್ತಿದ್ದೆ. ಫೋನಿಟ್ಟು ಪಥ್ಯ ಮುಂದುವರಿಸಿದೆ. ಏನು ಹೇಳಿದೆನೋ ನೆನಪಿಲ್ಲ. ಮಣ್ಣಿಗೆ ಹೋಗಲಿಲ್ಲ, ಹೋಗಲು ಧೈರ್ಯ ಬರಲಿಲ್ಲ. ಸಂಕ್ರಾಂತಿಗೆ ಮೊದಲೇ ಆಲೆಮನೆಗೆ ಹೋಗಿದ್ದರೆ ಏನಾಗುತ್ತಿತ್ತು ಎಂಬ ಲೆಕ್ಕವನ್ನು ಎಷ್ಟು ಸಲ ಮಾಡಿದರೂ ಉತ್ತರ ಒಂದೇ ಬರುತ್ತಿತ್ತು, ಆ ಉತ್ತರ ನನಗೆ ಬೇಡವಾಗಿತ್ತು.

ತಿಥಿಯೆಲ್ಲ ಮುಗಿದ ಮೇಲೆ ಗೌಡರು ನನ್ನ ಕೋಣೆಗೆ ಬಂದರು. ತಲೆ ಬೋಳಿಸಿದ್ದರು. ಬೆಂಗಳೂರಿನ ವರದಿಯನ್ನು ಮೇಜಿನ ಮೇಲಿಟ್ಟರು.

"ಇದ್ರಲ್ಲಿ ಏನ್ ಬರ್ದವ್ರೆ ನೋಡಿ ಮೇಡಂ. ನಂಗೆ ಯಾರೂ ಏಳ್ನಿಲ್ಲ."

ನೋಡಿದೆ. ಕೊಬ್ಬು ಗೆರೆಯಿಂದ ಎಷ್ಟೋ ಕೆಳಗಿತ್ತು. ದಾನಕ್ಕೆ ಯೋಗ್ಯ ಎಂದು ಬರೆದಿತ್ತು.

"ಚೆನ್ನಾಗಿದೆ ಗೌಡ್ರೇ. ಪೂರ್ತಿ ಸರಿಹೋಗಿದೆ."

ತಲೆಯಾಡಿಸಿದರು. "ಬ್ಯಾರೆ ಯಾರ್ಗಾರ ಆಯ್ತದಾ?"

"ಹಾಗೆಲ್ಲ ಆಗಲ್ಲ. ಹತ್ತಿರದ ಸಂಬಂಧಿಕರಿಗೆ ಮಾತ್ರ."

"ಅದೇ ಅನ್ಕಂಡೆ."

ಎದ್ದು ಹೋಗುತ್ತಾರೆ ಅಂದುಕೊಂಡೆ, ಹೋಗಲಿಲ್ಲ. ತಂಗಿಗೆ ನಾನು ಹೇಳಿಬಿಟ್ಟಿದ್ದಕ್ಕೆ ಬೈಯಲಿ ಎಂದು ಕಾದೆ. ಅದನ್ನೂ ಮಾಡಲಿಲ್ಲ.

"ಕೊನೆಗೆ ಅವಳ್ಗೆ ಎಲ್ಲಾ ಮರ್ತೋಗಿತ್ತು ಕಣಮ್ಮ. ಗಂಡನ ಗುರ್ತೂ ಸಿಕ್ತಿರ್ನಿಲ್ಲ. ನೀವು ಏಳಿದ್ದೂ ಮರ್ತೋಗಿತ್ತು. ನನ್ನ ಕಂಡೇಟ್ಗೆ ಕೈಯ ಇಂಗೆ ಮುಂದ್ಕೆ ಚಾಚೋಳು, ಕುಡಿಯಣ್ಣ ತಂಪಾಯ್ತದೆ ಅನ್ನೋಳು. ಕೈಲಿ ಏನೂ ಇರ್ನಿಲ್ಲ."

"ನೀವೇನು ಮಾಡಿದ್ರಿ?"

"ಇಸ್ಕಂಡು ಕುಡ್ದೆ. ಎರಡು ಸಲ ಕುಡ್ದೆ. ಆಮೇಕೆ ಮಲೀಕಂಡ್ಳು."

ಮಾತು ಹೊರಡದಿದ್ದಾಗ ನಾನು ಕೆಲಸದ ಮಾತಾಡುತ್ತೇನೆ. ಬೆಳಿಗ್ಗೆ ಏನು ತಿಂದಿರಿ ಎಂದು ಕೇಳಿದೆ.

"ಅದೇ. ಕರೀ ಕಾಫಿ. ಮದ್ಯಾನ ಒಂದ್ ಮುದ್ದೆ, ಉಪ್ಸಾರು."

"ಇನ್ನು ಅಷ್ಟು ಬಿಗಿ ಬೇಡ ಗೌಡ್ರೇ. ಪಾಕ ನೋಡುವಾಗ ಒಂಚೂರು ನುಂಗಿದ್ರೂ ಪರವಾಗಿಲ್ಲ."

ಅವರು ವರದಿಯನ್ನು ಮಡಚಿ ಅಂಗಿಯ ಒಳಜೇಬಿಗಿಟ್ಟುಕೊಂಡರು.

"ಬ್ಯಾಡ ಕಣವ್ವ. ಅವಳ್ಗೇಂತ ಸರಿ ಮಾಡಿದ್ದು. ಅಂಗೇ ಇರ್ಲಿ."